ಖಾಲಿ ಆಕಾಶ ಎಣಿಸಿದ ಶಿವಕಾಂತಾ

ಬೆಳಗಿನ ಆರೂವರೆ. ಕಾತ್ರಜದಿಂದ ಮೊದಲ ಬಸ್ಸು ಹಿಡಿದು ಬಂದ ಶಿವಕಾಂತಾ, ಪುಣೆಯ ಖಗೋಳ ಸಂಸ್ಥೆಯೊಂದರ ಮೂಲೆಕೋಣೆಯಲ್ಲಿ ಆಗಲೇ ಕೆಲಸಕ್ಕೆ ಕೂತಿದ್ದಾರೆ. ಎದುರಿಗೆ ದೀಪದ ಮೇಜು, ಅದರ ಮೇಲೆ ಆಕಾಶದ ಫೋಟೋ ಮೂಡಿದ ಗಾಜಿನ ಫಲಕ, ಕೈಯಲ್ಲಿ ಭೂತಗನ್ನಡಿ. ಅಲ್ಲಿನ ಮಸುಕು ಚುಕ್ಕೆಗಳೆಲ್ಲ ದೂರದ ಗೆಲಾಕ್ಸಿಗಳು. ಅವನ್ನು ಚೌಕ ಚೌಕವಾಗಿ ಎಣಿಸುವುದು ಹದಿಮೂರು ವರ್ಷಗಳಿಂದ ಅವರ ಕೆಲಸ. ಹತ್ತಾದರೆ ಬಟ್ಟಲಿಗೆ ಒಂದು ಹುಣಸೆಬೀಜ. ದಿನಕ್ಕೆ ನಲವತ್ತು ಚೌಕ.

"ಮುಂಜಾನಿ ಕಣ್ಣು ತಂಪ ಇರ್ತಾವ್ರಿ. ಒಮ್ಮಿ ನೆಟ್ಟಗ ಎಣಿಸ್ತೀನಿ, ಆಮ್ಯಾಲ ಫಲಕ ತಿರುವಿಟ್ಟು ಇನ್ನೊಮ್ಮಿ" ಎನ್ನುತ್ತಾರೆ.

ಬೀಜದ ಲೆಕ್ಕ ತಾಯಿ ಅವ್ವಮ್ಮ ಕಲಿಸಿದ್ದು. ಅಫಜಲಪುರದ ಕಡೆಯಿಂದ ಬಂದ ಅವ್ವಮ್ಮ ಪುಣೆಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು. ಹತ್ತು ಬುಟ್ಟಿಗೊಂದು ಬೀಜ ಸೆರಗಿಗೆ ಕಟ್ಟಿಕೊಂಡರೆ ಲೆಕ್ಕ ತಪ್ಪಿಸುವ ಮೇಸ್ತ್ರಿಯ ಆಟ ನಡೆಯುತ್ತಿರಲಿಲ್ಲ. ಮಗಳು ಮರಾಠಿ ಶಾಲೆಯಲ್ಲಿ ಹತ್ತನೇ ಇಯತ್ತೆ ಮುಗಿಸಿ ಇಲ್ಲಿಗೆ ಬಂದರು.

೧೯೯೪ರಲ್ಲಿ ಒಂದು ಫಲಕದ ಹನ್ನೊಂದು ಚೌಕಗಳಲ್ಲಿ ಅವರಿಗೆ ಚುಕ್ಕೆಗಳು ಕಡಿಮೆ ಸಿಕ್ಕವು. ಬೇರೆಡೆ ಅರವತ್ತರ ಆಸುಪಾಸು, ಇಲ್ಲಿ ಮೂವತ್ತೆಂಟು, ನಲವತ್ತು. ವಿಭಾಗದ ಮುಖ್ಯಸ್ಥ, ಧಾರವಾಡದ ಮಾರ್ತಾಂಡ ಕುಲಕರ್ಣಿ, ಭೂತಗನ್ನಡಿ ಎತ್ತಿ ಒಮ್ಮೆ ನೋಡುವ ಗೋಜಿಗೂ ಹೋಗಲಿಲ್ಲ. ಬಟ್ಟಲು ನೋಡಿ ನಕ್ಕರು. "ನಿನ್ನ ಬೀಜ ಎಲ್ಲೋ ಉರುಳಿ ಹೋಗ್ಯಾವ. ಆಕಾಶ ಎಲ್ಲಾ ಕಡೆ ಒಂದೇ ಸಮ ಇರತದ" ಎಂದರು. ಲೆಕ್ಕದ ವಹಿಯಲ್ಲಿ ಅವರ ಅಂಕಿಗಳಿಗೆ ಗೀಟು ಬಿತ್ತು, ಆ ಜಾಗದಲ್ಲಿ ಸರಾಸರಿ ಕೂತಿತು, ಪಕ್ಕದಲ್ಲಿ 'ನಿರ್ಲಕ್ಷ್ಯ' ಎಂದು ಷರಾ. ಆ ಒಂದು ಪದದಿಂದ ಶಿವಕಾಂತಾ ಇಂದಿಗೂ ಕಾಯಂ ಆಗಿಲ್ಲ. ಅವರು ಎಣಿಸಿದ್ದನ್ನೆಲ್ಲ ಇನ್ನೊಬ್ಬರು ಪರೀಕ್ಷಿಸುತ್ತಾರೆ. ಹನ್ನೊಂದು ವರ್ಷ! ಮೈ ಉರಿಯದೆ ಇದ್ದೀತೆ?

ಅಳಿಸಿದ್ದೇನು ಸಣ್ಣ ಸಂಗತಿಯಲ್ಲ. ಆ ಕಡಿಮೆ ಚುಕ್ಕೆಗಳು ಸುಳಿವು ಕೊಟ್ಟಂತೆ ನಮ್ಮ ಸುತ್ತಲಿನ ಜಾಗದಲ್ಲಿ ಗೆಲಾಕ್ಸಿಗಳು ವಿರಳವಾಗಿದ್ದರೆ, ಆಚೆಗಿನ ದಟ್ಟಣೆ ಹತ್ತಿರದ ಗೆಲಾಕ್ಸಿಗಳನ್ನು ತನ್ನತ್ತ ಎಳೆಯುತ್ತದೆ. ಅವು ಇನ್ನಷ್ಟು ಜೋರಾಗಿ ದೂರ ಓಡುವಂತೆ ಅಳತೆಯಲ್ಲಿ ಕಾಣುತ್ತವೆ. ಆ ವೇಗವನ್ನೇ ಇಡೀ ವಿಶ್ವದ್ದೆಂದು ಹಿಡಿದರೆ ವಿಶ್ವ ಹಿಗ್ಗುವ ಲೆಕ್ಕ ಹೆಚ್ಚಾಗುತ್ತದೆ, ಅದರ ವಯಸ್ಸು ಕಡಿಮೆ ಬರುತ್ತದೆ. ಎಲ್ಲಾ ಸಮ ಎಂದು ಮೊದಲೇ ನಂಬಿ, ಸಮವಿಲ್ಲದ್ದನ್ನು ಗೀಟು ಹೊಡೆದು ಸಮ ಮಾಡಿದರಲ್ಲ, ಎಂಥ ವಿಜ್ಞಾನವಪ್ಪಾ ಇದು!

ಈ ವರ್ಷ, ೨೦೦೫ರಲ್ಲಿ, ಯಂತ್ರವೊಂದು ಅದೇ ದಿಕ್ಕಿನ ಗೆಲಾಕ್ಸಿಗಳನ್ನು ಎಣಿಸಿದೆ. ಅಲ್ಲಿ ನಿಜಕ್ಕೂ ದೊಡ್ಡ ಖಾಲಿ ಜಾಗವಿದೆ. ಅದನ್ನು ವಿಜ್ಞಾನಿಗಳ ಸಭೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದವರು ಕುಲಕರ್ಣಿ. ಇಂದು ಅವರೇ ಹಳೆಯ ಫಲಕ ಹಿಡಿದು ಕೋಣೆಗೆ ಬಂದಿದ್ದಾರೆ.

"ಶಿವಕಾಂತಾ, ಆ ಹನ್ನೊಂದು ಚೌಕ ಮತ್ತೊಮ್ಮೆ ಎಣಿಸಿ ಕೊಡವ್ವಾ. ನಮ್ಮ ಲೇಖನಕ್ಕ ಬೇಕಾಗ್ಯದ."

ಶಿವಕಾಂತಾ ಭೂತಗನ್ನಡಿ ಕೆಳಗಿಡುತ್ತಾರೆ. "ಎಣಿಸೂದಿಲ್ರಿ ಸರ್. ತೊಂಬತ್ನಾಲ್ಕರಾಗೇ ಎಣಿಸಿ ಕೊಟ್ಟೀನಿ. ಆ ವಹಿ ತಗೀರಿ."

ಲೇಖನದಲ್ಲಿ ನಿನ್ನ ಹೆಸರು ಬೇಕೇ ಎಂದು ಕುಲಕರ್ಣಿ ಮೆತ್ತಗೆ ಕೇಳುತ್ತಾರೆ.

"ಹೆಸರು ಬ್ಯಾಡ್ರಿ. ನಿರ್ಲಕ್ಷ್ಯ ಅಂತ ಬರದೀರಲ್ಲ, ಅದಕ್ಕ ನಿಮ್ಮ ಕೈಯಾರೆ ಗೀಟ ಹೊಡೀರಿ. ಕಡಿಮಿ ಇದ್ದದ್ದು ಆಕಾಶದಾಗ್ರಿ, ನನ್ನ ಎಣಿಕಿಯೊಳಗಲ್ಲ."