ಪ್ರತ್ಯಯಗಳಿಗೆ ನಾನು ಹಚ್ಚಿದ ದನಿ

1963ರಲ್ಲಿ ನಾನು ಇಚಲಕರಂಜಿಯ ಶಹಾಪುರದ ಒಂದು ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಕೊಲ್ಹಾಪುರದಿಂದ ಬರುವ ಇನ್ಸ್‌ಪೆಕ್ಟರ್ ಸಾಹೇಬರು ನನ್ನ ಪಾಠ ನೋಡಿ ಒಪ್ಪಬೇಕಿತ್ತು. ಒಪ್ಪದಿದ್ದರೆ ಗಡಹಿಂಗ್ಲಜಕ್ಕೆ ಮರಳಿ ಸೋದರಮಾವನ ಮೆಣಸಿನಕಾಯಿ ಅಂಗಡಿಯಲ್ಲಿ ಸೀನುತ್ತ ಕೂರುವುದೇ ಗತಿ.

ಮಕ್ಕಳೆಲ್ಲ ಪವರ್‌ಲೂಮ್ ಮನೆಯವರು. ಮಗ್ಗದಲ್ಲಿ ಹಾಸಿನ ನೂಲು ಮುಗಿಯುತ್ತ ಬಂದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆ ಗಂಟು ಹಾಕುವುದನ್ನು ದಿನವೂ ನೋಡುವವರು. ಇಂಗ್ಲಿಷ್ ಶಬ್ದವೂ ಹಾಗೆಯೇ ಎಂದೆ. ‘ರೈಟ್’ ಎಂದರೆ ಬರೆ. ತಲೆಗೆ ‘ರಿ’ ಎಂಬ ಪ್ರಿಫಿಕ್ಸ್ ಕಟ್ಟಿದರೆ ಮತ್ತೊಮ್ಮೆ ಬರೆ. ಬಾಲಕ್ಕೆ ‘ಅರ್’ ಎಂಬ ಸಫಿಕ್ಸ್ ಕಟ್ಟಿದರೆ ಬರೆಯುವವ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ದೇವರು ನನಗೆ ಬುದ್ಧಿಗಿಂತ ಗಂಟಲನ್ನೇ ಧಾರಾಳವಾಗಿ ಕೊಟ್ಟಿದ್ದಾನೆ. ಪ್ರತಿ ಗಂಟಿಗೂ ಒಬ್ಬೊಬ್ಬರ ದನಿ ಹಚ್ಚಿದೆ. ‘ರಿ’ ಎಂದರೆ ನಮ್ಮ ಹೆಡ್‌ಮಾಸ್ತರರು: ಮೂಗಿನಲ್ಲಿ ಮಾತು, ಮೊದಲೊಂದು ಕೆಮ್ಮು, ಏನೇ ಬರೆದು ಒಯ್ದರೂ ಮತ್ತೊಮ್ಮೆ ಬರೆಯಿರಿ ಎಂಬ ಹುಕುಂ.

ತಪಾಸಣೆಯ ದಿನ ಸಾಹೇಬರೂ ಹೆಡ್‌ಮಾಸ್ತರರೂ ಹಿಂದಿನ ಬೆಂಚಿನಲ್ಲಿ ಕೂತರು. ಸಾಹೇಬರು ನೇಕಾರರ ಹುಡುಗಿ ಗಂಗವ್ವನನ್ನು ಎಬ್ಬಿಸಿದರು.

“‘ರಿರೈಟ್’ ಅಂದ್ರ ಏನವಾ?”

ಗಂಗವ್ವ ಮೊದಲು ಕೆಮ್ಮಿದಳು. ಆಮೇಲೆ ಮೂಗಿನಲ್ಲಿ ಅಂದಳು:

“ಉಹೂಂ, ನಡ್ಯಾಂಗಿಲ್ಲ. ಪುನ್ಹಾ ಲಿಹಾ. ಮತ್ತೊಮ್ಮೆ ಬರೀರಿ.”

ತರಗತಿ ತುಟಿ ಕಚ್ಚಿತು. ನನ್ನ ಕೈಯಲ್ಲಿದ್ದ ಸೀಮೆಸುಣ್ಣದ ಖಡು ಮುರಿಯಿತು. ಹೆಡ್‌ಮಾಸ್ತರರು ಎದ್ದರು, ಕೆಮ್ಮಿದರು.

“ಯಾರದ್ರೀ ಮಾಸ್ತರ ಈ ದನಿ? ಭಾಳ ಕಿರಿಕಿರಿ ಮನಶ್ಯಾ ಇದ್ದಂಗ ಅದಾನ.”

“ನಮ್ಮ ಗಡಹಿಂಗ್ಲಜದಾಂವ್ರೀ,” ಎಂದೆ. ಮುರಿದ ಖಡು ಹೆಕ್ಕಲು ಬಗ್ಗಿದೆ.

ಸಾಹೇಬರು ಹೆಡ್‌ಮಾಸ್ತರರನ್ನು ನೋಡಿದರು, ನನ್ನನ್ನು ನೋಡಿದರು. ನನಗೆ ಮೆಣಸಿನಕಾಯಿಯ ಘಾಟು ಬಂತು. ಅವರು ಮತ್ತೆ ಗಂಗವ್ವನ ಕಡೆ ತಿರುಗಿದರು.

“‘ಟೀಚ್’ಗೆ ‘ಅರ್’ ಕಟ್ಟಿದ್ರ?”

“ಟೀಚರ್ ಆತ್ರೀ.”

“ಅಂದ್ರ?”

ಅವಳು ಸೊಂಟಕ್ಕೆ ಕೈಯಿಟ್ಟು, ಅರ್ಧ ಮಾತು ನುಂಗಿ, ಕೀಚಲು ದನಿಯಲ್ಲಿ ಕಿಸಿಕಿಸಿ ನಗುತ್ತ ಅಂದಳು: “ಕಲಸಾಂವಲೇ, ಕಲಸಾಂವ. ನಗಬ್ಯಾಡ್ರಿ. ನಾನರ ನಗಾಕತ್ತೇನೇನು?”

ಇದನ್ನು ನಾನು ಕಲಿಸಿರಲಿಲ್ಲ. ಇನ್ನಾರ ಮಾನ ಹೋಯಿತೋ ಎಂದು ಹೆದರಿ ಮೆಲ್ಲಗೆ ಕೇಳಿದೆ: “ಇದ್ಯಾರದವಾ?”

ಗಂಗವ್ವ ತಲೆ ತಗ್ಗಿಸಿದಳು. ಕಚ್ಚಿದ ತುಟಿಗಳೆಲ್ಲ ಒಮ್ಮೆಲೇ ಬಿಚ್ಚಿದವು. ಎಲ್ಲರಿಗಿಂತ ಜೋರಾಗಿ ನಕ್ಕವರು ಹೆಡ್‌ಮಾಸ್ತರರು.

“ಮಾಸ್ತರ, ನಿಮ್ಮ ದನಿ ನಿಮಗೂ ಗುರ್ತ ಸಿಗಲಿಲ್ಲೇನು?” ಎಂದರು ಸಾಹೇಬರು. ಹೊಸ್ತಿಲು ದಾಟುವಾಗ ಹೆಡ್‌ಮಾಸ್ತರರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು: “ಹುಡುಗ್ರಿಗೆ ಪಾಠ ಹತ್ತೇತಿ. ಇವರನ್ನ ಕಾಯಂ ಮಾಡ್ರಿ.”

ನೌಕರಿ ಉಳಿಯಿತು, ಹೆದರಿಕೆಯೂ ಉಳಿಯಿತು. ಈಗಲೂ ಯಾರದಾದರೂ ದನಿ ಕಿರಿಕಿರಿ ಎನಿಸಿದರೆ, ಯಾರದು ಎಂದು ಕೇಳುವ ಮುನ್ನ ನನ್ನದೇ ಇರಬಹುದೇ ಎಂದು ಕಿವಿಗೊಡುತ್ತೇನೆ.