ತೊಗಲಿನ ಕೋಣಗರ

ಗುಡೇಕೋಟೆಯ ಪಾಲಣ್ಣ ಚಪ್ಪಲಿ ಹೊಲಿಯುವವನು. ಆದರೆ ಊರವರ ಬಾಯಲ್ಲಿ ಅವನ ಚಪ್ಪಲಿಗಿಂತ ಅವನು ಮಾಡಿದ ಕರಡಿಯ ಮಾತೇ ಹೆಚ್ಚು. ಹುಲ್ಲು, ತಂತಿ ಸುತ್ತಿ ಒಡಲು ಕಟ್ಟಿ, ನೆನೆಸಿದ ತೊಗಲನ್ನು ಅದರ ಮೇಲೆ ಎಳೆದು, ಹೆಬ್ಬೆರಳಿನಿಂದ ಒತ್ತಿ ಒತ್ತಿ ನೆರಳಲ್ಲಿ ಒಣಗಿಸುತ್ತಿದ್ದ. ಒಣಗಿದ ತೊಗಲು ಕೈಯ ಒತ್ತನ್ನು ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ಕರಡಿಯನ್ನು ಕಟ್ಟೆಯ ಮೇಲಿಟ್ಟ ದಿನ ಓಣಿಯ ನಾಯಿಗಳೆಲ್ಲ ದೂರ ನಿಂತು ಬೊಗಳಿದವು.

"ಏ ಪಾಲಣ್ಣಾ, ನಿನ್ನ ಕರಡಿನ ಒಳಗ ಕರಕೊಳ್ಳೋ, ನನ್ನ ಕುರಿ ಹೊರಗ ಬರವಲ್ವು," ಎಂದು ಪಕ್ಕದ ಮನೆಯ ಕೆಂಚಕ್ಕ ಕೂಗಿದ್ದಳು.

ಅವನು ತೀರಿಕೊಂಡ ಮೇಲೆ ಕೂಡ್ಲಿಗಿಯ ಡ್ರಾಯಿಂಗ್ ಮೇಷ್ಟ್ರು ಅರುಣಕುಮಾರ್ ಬಂದರು. ಪಾಲಣ್ಣ ಮಾಡಿದ್ದನ್ನೆಲ್ಲ ಶಾಲೆಯ ಒಂದು ಕೋಣೆಯಲ್ಲಿ ಇಡಬೇಕೆಂದು ಅವರ ಆಸೆ. ಕರಡಿ, ಹೋತ, ಮಲಗಿದ ನಾಯಿ, ಎಲ್ಲವನ್ನೂ ಪಾಲಣ್ಣನ ಹೆಂಡತಿ ಗಾಳೆಮ್ಮ ಕೊಟ್ಟಳು. ಮೂಲೆಯಲ್ಲಿ ಗೋಣಿಚೀಲ ಹೊದಿಸಿದ್ದ ಕೋಣಗರವನ್ನು ಮಾತ್ರ ತೋರಿಸಲಿಲ್ಲ.

ಅದೇ ಅವನು ಮಾಡಿದ ಮೊದಲನೆಯದು.

ಆ ವರ್ಷ ಪಾಲಣ್ಣ ಇಟ್ಟಿಗಿ ಊರಿನ ಕಡೆ ಕೆಲಸಕ್ಕೆ ಹೋಗಿದ್ದ. ಮನೆಯ ಎಮ್ಮೆ ಗಂಡುಕರ ಹಾಕಿತು. ಹೆಣ್ಣಾಗಿದ್ದರೆ ಗಾಳೆಮ್ಮ ಸಾಕುತ್ತಿದ್ದಳು. ಕೋಣ ಯಾರಿಗೆ ಬೇಕು? ಕಾನಹೊಸಹಳ್ಳಿಯ ಹೋಟೆಲಿಗೆ ಹಾಲು ಹಾಕುವುದಿತ್ತು. ಕರವನ್ನು ಕೆಚ್ಚಲಿಗೆ ಬಿಡುವಳು, ಎಮ್ಮೆ ಹಾಲು ಇಳಿಸಿದ ಕೂಡಲೇ ಎಳೆದು ಕಟ್ಟುವಳು. ಕಡೆಯ ಹನಿಯನ್ನೂ ಹಿಂಡಿಕೊಳ್ಳುವಳು. ಗಂಡುಕರಕ್ಕೆ ಎಲ್ಲರ ಮನೆಯಲ್ಲೂ ಹೀಗೇ ಮಾಡುತ್ತಿದ್ದರು. ಕರ ಹಗ್ಗ ನೆಕ್ಕುತ್ತ ನಿಂತಿರುತ್ತಿತ್ತು. ಒಂದು ಬೆಳಿಗ್ಗೆ ಏಳಲಿಲ್ಲ.

ಕರವಿಲ್ಲದೆ ಎಮ್ಮೆ ಹಾಲು ಬಿಡಲಿಲ್ಲ. ಒದೆಯಿತು, ಒದರಿತು. ಪಾಲಣ್ಣನಿಗೆ ಹೇಳಿಕಳಿಸಿದಳು. ಅವನು ಅವತ್ತೇ ಬಂದ.

"ಭೇದಿ ಆಗಿ ಸತ್ತೈತಿ," ಎಂದಳು.

ಪಾಲಣ್ಣ ಕರದ ಬಾಲ ಎತ್ತಿ ನೋಡಿದ. ಹಿಂದೆಲ್ಲ ಒಣಗಿ ಸ್ವಚ್ಛವಾಗಿತ್ತು. ಬಾಲ ಕೆಳಗೆ ಬಿಟ್ಟು ಕತ್ತಿ ಮಸೆಯಲು ಕುಳಿತ.

ತೊಗಲು ಸುಲಿದು, ಉಪ್ಪು ತಿಕ್ಕಿ, ಹುಲ್ಲು ತುಂಬಿ, ಕಿವಿ ಮಡಚಿ, ಮೂತಿ ತಿದ್ದಿ ಆ ಕರವನ್ನೇ ಮತ್ತೆ ಮಾಡಿ ಎಮ್ಮೆಯ ಮುಂದೆ ನಿಲ್ಲಿಸಿದ. ಎಮ್ಮೆ ಮೂಸಿತು, ನೆಕ್ಕಿತು, ಹಾಲು ಬಿಟ್ಟಿತು. ನೋಡಲು ಊರೇ ಬಂತು. ಅವನ ಹೆಸರು ಶುರುವಾದದ್ದು ಅಲ್ಲಿಂದ.

ಗಾಳೆಮ್ಮನ ಕಣ್ಣು ಮಾತ್ರ ಕರದ ಹೊಟ್ಟೆಯ ಮೇಲೆ ಬಿತ್ತು. ಹುಲ್ಲು ತುಂಬಿದ ಹೊಟ್ಟೆಯಲ್ಲಿ ಪಕ್ಕೆಲುಬು ಕಾಣುವುದಿಲ್ಲ. ಇದರಲ್ಲಿ ಕಾಣುತ್ತಿದ್ದವು. ನಡುನಡುವೆ ಹೆಬ್ಬೆರಳು ಒತ್ತಿ ಅವನು ಒಂದೊಂದನ್ನೂ ಎಬ್ಬಿಸಿದ್ದ.

ಎಮ್ಮೆ ಬತ್ತಿದ ಮೇಲೆ ಇಲಿ ಕಡಿಯುತ್ತವೆಂದು ನೆಪ ಹೇಳಿ ಅದಕ್ಕೆ ಗೋಣಿಚೀಲ ಹೊದಿಸಿದಳು. ಅವನು ಅದನ್ನು ತೆಗೆಯಲಿಲ್ಲ. ಎಲುಬು ಯಾಕೆ ಎಬ್ಬಿಸಿದೆ ಎಂದು ಅವಳು ಕೇಳಲಿಲ್ಲ. ಇನ್ನು ಕೇಳುವುದಕ್ಕೆ ಅವನಿಲ್ಲ.

ಹೊರಡುವ ಮುಂಚೆ ಮೇಷ್ಟ್ರು ತಾವೇ ಚೀಲ ಸರಿಸಿದರು.

"ಇದನ್ಯಾಕ ಮುಚ್ಚಿಟ್ಟೀರಿ ಯಮ್ಮಾ? ಮುಖ ನೋಡ್ರಿ, ಈಗ ಅಂಬಾ ಅಂತೈತಿ! ಹುಲ್ಲು ಕುಂತು ಎಲುಬು ಕಾಣಾಕತ್ತ್ಯಾವ ಅಷ್ಟ. ಹೊಟ್ಟಿ ಬಿಚ್ಚಿ ತುಂಬಿದ್ರ ದುಂಡಗ ಆಗ್ತೈತಿ."

ಬಾಗಿಲಲ್ಲಿದ್ದ ಕೆಂಚಕ್ಕ ನಕ್ಕಳು. "ತುಂಬ್ರಿ, ತುಂಬ್ರಿ. ಸತ್ತ ಮ್ಯಾಲರ ಹೊಟ್ಟಿತುಂಬ ಉಣ್ಲಿ."

ಗಾಳೆಮ್ಮನ ಎದೆ ಹಗುರಾಯಿತು. ತುಂಬಿಬಿಟ್ಟರೆ ಮುಗಿಯಿತು. ಆ ಎಲುಬು ಇನ್ನು ಯಾರಿಗೂ ಕಾಣುವುದಿಲ್ಲ, ತನಗೂ. ಹೂಂ ಎನ್ನಲು ಬಾಯಿ ತೆರೆದಳು. ಮೇಷ್ಟ್ರು ಹೊಟ್ಟೆಯ ಹೊಲಿಗೆ ತಡವುತ್ತಿದ್ದರು. ಎಲುಬುಗಳ ನಡುವಿನ ಗುಳಿ ಅವಳ ಕಣ್ಣಿಗೆ ಬಿತ್ತು. ಪಾಲಣ್ಣನ ಹೆಬ್ಬೆರಳಿನ ಅಗಲವೇ ಅದು.

"ಬ್ಯಾಡ್ರಿ ಸರ. ಹುಲ್ಲು ಕುಂತಿಲ್ಲ. ಅವರೇ ಹಂಗ ಮಾಡ್ಯಾರ."

"ಹಸಕೊಂಡ ಕರದಂಗ? ಯಾಕ್ರಿ?"

"ಅದು ಹಂಗೇ ಇತ್ತು."

ಕೆಂಚಕ್ಕನ ನಗು ನಿಂತಿತು. ಮೇಷ್ಟ್ರು ಹೊಲಿಗೆಯಿಂದ ಕೈ ತೆಗೆದರು.

ಗಾಳೆಮ್ಮ ಕರವನ್ನು ತಾನೇ ಎತ್ತಿಕೊಂಡು ಆಟೋದವರೆಗೆ ಹೋದಳು. ದಾರಿಯಲ್ಲಿ ಧೂಳು ಕೂರುತ್ತದೆಂದು ಮೇಷ್ಟ್ರು ಗೋಣಿಚೀಲ ಕೇಳಿದರು. ಅವಳು ಕೊಡಲಿಲ್ಲ.