ಅಂಡಮಾನಿಗೆ ಇಟ್ಟ ಪ್ರಸ್ಥಾನ

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ದೆವ್ವ, ಶಕುನ, ಕನಸಿನಲ್ಲಿ ಬಂದ ಸೂಚನೆ ಎಂದು ಶುರು ಮಾಡಿದರೆ "ಪ್ರೂಫ್ ಎಲ್ರೀ?" ಎಂದು ಬಾಯಿ ಮುಚ್ಚಿಸುತ್ತಿದ್ದವಳು ನಾನೇ. ಅದೇ ಪ್ರಶ್ನೆಯನ್ನು ಈಗ ನೀವು ನನ್ನನ್ನು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಕೆಲವು ವರ್ಷಗಳ ಹಿಂದಿನ ಬೇಸಿಗೆ ರಜೆ. ವಿಜಯನಗರದ ಮನೆಯಲ್ಲಿ ನಾನು, ನನ್ನ ಯಜಮಾನರು, ನಮ್ಮತ್ತೆ ಮೂರೇ ಜನ. ಮಗಳು ಮೈಸೂರಿನಲ್ಲಿ ಹಾಸ್ಟೆಲ್ ಸೇರಿದ್ದಳು. ಮದುವೆಯಾದ ಹೊಸದರಲ್ಲೇ ಯಜಮಾನರು ಅಂಡಮಾನ್ ತೋರಿಸುತ್ತೇನೆ ಎಂದಿದ್ದರು. ಮೂರು ಸಲ ಹೊರಟೆವು, ಮೂರು ಸಲವೂ ನಿಂತುಹೋಯಿತು. ಒಮ್ಮೆ ಮಾವನವರ ಕಾಯಿಲೆ, ಒಮ್ಮೆ ನನ್ನ ಬಸಿರು, ಇನ್ನೊಮ್ಮೆ ಹಾಳಾದ ಎಲೆಕ್ಷನ್ ಡ್ಯೂಟಿ. ಅಷ್ಟು ವರ್ಷಗಳಲ್ಲಿ ನಾವಿಬ್ಬರೇ ಹೋಗಿದ್ದು ಎಂದರೆ ಯಾರದೋ ಮದುವೆಗೆ, ಇಲ್ಲವೆ ಆಸ್ಪತ್ರೆಗೆ. ಗ್ಯಾಸ್ ಬುಕ್ ಮಾಡಿದ್ಯಾ, ನೀರು ಬಂತಾ ಎನ್ನುವುದನ್ನು ಬಿಟ್ಟರೆ ನಮ್ಮ ನಡುವೆ ಮಾತೇ ಉಳಿದಿರಲಿಲ್ಲ. ನಾಲ್ಕನೆಯ ಸಲ ಅವರಾಗಿಯೇ ಅಂಡಮಾನಿನ ಮಾತೆತ್ತಿದಾಗ ನಾನು ಕಡ್ಡಿ ಮುರಿದ ಹಾಗೆ ಹೇಳಿದೆ, "ಇದೊಂದ್ಸಲ ತಪ್ಪಿದ್ರೆ ಮುಗೀತು ರೀ. ಇನ್ನು ಈ ಜನ್ಮದಲ್ಲಿ ಕೇಳಲ್ಲ."

ಅವರು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಪ್ರವಾಸಕ್ಕೂ ಒಂದು ಫೈಲು ಮಾಡಿದರು. ಮೊದಲು ವಿಮಾನದಲ್ಲಿ ಪೋರ್ಟ್ ಬ್ಲೇರ್, ಅಲ್ಲಿಂದ ಹಡಗಿನಲ್ಲಿ ಹ್ಯಾವ್‌ಲಾಕ್, ಆಮೇಲೆ ನೀಲ್. ಒಂದೊಂದು ದ್ವೀಪಕ್ಕೆ ಒಂದೊಂದು ಹಾಳೆ. ಹಡಗು ಎಷ್ಟು ಹೊತ್ತಿಗೆ, ನನಗೆ ವಾಂತಿ ಮಾತ್ರೆ ಎಷ್ಟು ಹೊತ್ತಿಗೆ, ಸೂರ್ಯ ಮುಳುಗುವುದನ್ನು ಎಲ್ಲಿ ಕೂತು ನೋಡುವುದು, ಎಲ್ಲ ಬರೆದಿಟ್ಟಿದ್ದರು. ಈಜು ಬಾರದ ಮನುಷ್ಯ! ನೀರಿನೊಳಗಿನ ಮೀನು ನೋಡಬೇಕೆಂದು ಬಾಯಲ್ಲಿ ಕಚ್ಚಿಕೊಳ್ಳುವ ಕೊಳವೆ ತರಿಸಿ, ಬಚ್ಚಲಲ್ಲಿ ಬಕೆಟ್ಟಿಗೆ ಮುಖ ಇಟ್ಟು ಉಸಿರಾಡುವುದನ್ನು ಕಲಿಯುತ್ತಿದ್ದರು. ಅತ್ತೆ ಬಾಗಿಲು ಬಡಿದು "ಬದುಕಿದೀಯೇನೋ?" ಎಂದು ಕೇಳುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆ ಮನೆಯಲ್ಲಿ ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ.

ಆದರೂ ಒಳಗೊಳಗೇ ತಳಮಳ. ಫೋನ್ ರಿಂಗಾದರೆ ಸಾಕು, ಅಯ್ಯೋ, ಈ ಸಲ ಯಾರಿಗೆ ಏನಾಯಿತೋ ಎಂದು ಓಡಿಹೋಗಿ ಎತ್ತುತ್ತಿದ್ದೆ. ದಿನಕ್ಕೆ ನಾಲ್ಕು ಸಲ ಟಿಕೆಟ್ ತೆಗೆದು ನೋಡುತ್ತಿದ್ದೆ.

ಟಿಕೆಟ್ ಸಿಕ್ಕಿದ್ದು ಮಂಗಳವಾರಕ್ಕೆ. ಅತ್ತೆ ಮೂಗು ಮುರಿದರು. "ಮಂಗಳವಾರ ಯಾರಾದ್ರೂ ಸಮುದ್ರ ದಾಟ್ತಾರೇನೇ? ಭಾನುವಾರ ಬೆಳಿಗ್ಗೆ ಗಳಿಗೆ ಚೆನ್ನಾಗಿದೆ, ಪ್ರಸ್ಥಾನನಾದ್ರೂ ಇಟ್ಬಿಡಿ." ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೊರಡುವ ದಿನ ಒಳ್ಳೆಯದಲ್ಲ ಅನ್ನಿಸಿದರೆ, ಅದಕ್ಕೆ ಮುಂಚಿನ ಒಳ್ಳೆಯ ಗಳಿಗೆಯಲ್ಲಿ ಪ್ರಯಾಣದ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಾರೆ. ಗಂಟು ಹೊರಟಿತೆಂದರೆ ನಾವೂ ಹೊರಟ ಹಾಗೆ. ಆಮೇಲೆ ಅದನ್ನು ಮನೆಗೆ ವಾಪಸ್ ತರಬಾರದು, ಹೊರಡುವ ದಿನ ದಾರಿಯಲ್ಲೇ ಎತ್ತಿಕೊಂಡು ಹೋಗಬೇಕು.

"ಸೂಟ್‌ಕೇಸಿಗೇನು ಗೊತ್ತತ್ತೆ, ವಾರ ಗಳಿಗೆ?" ಎಂದು ರೇಗಿಸಿದೆ. ಆದರೆ ಜಗಳವಾಗಿ ಪ್ರವಾಸ ನಿಲ್ಲುವುದು ನನಗೆ ಬೇಕಿರಲಿಲ್ಲ. ಭಾನುವಾರ ಬೆಳಿಗ್ಗೆ ಸೂಟ್‌ಕೇಸನ್ನು ಎದುರು ಮನೆಯ ಸರೋಜಾ ಆಂಟಿಯ ಹಾಲಿನಲ್ಲಿ, ಸೋಫಾ ಪಕ್ಕಕ್ಕೆ ಇಟ್ಟು ಬಂದೆವು. ಗಟ್ಟಿ ಪ್ಲಾಸ್ಟಿಕ್ಕಿನದು, ನಂಬರ್ ಲಾಕ್ ಇರುವಂಥದ್ದು. ಒಳಗೆ ಎರಡು ಪಾಲು, ಒಂದು ಕಡೆ ಅವರ ಬಟ್ಟೆ, ಇನ್ನೊಂದು ಕಡೆ ನನ್ನದು, ನಡುವೆ ತೆಳ್ಳಗಿನ ಬಟ್ಟೆಯ ಪರದೆ. ಇಸ್ತ್ರಿ ಮಾಡಿ ಜೋಡಿಸಿದವಳು ನಾನೇ. ಲಾಕಿನ ನಂಬರ್ ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಸೋಮವಾರ ಮಧ್ಯಾಹ್ನ ನಾಲ್ಕರ ಹೊತ್ತಿಗೆ ನೋಡಿದರೆ ಯಜಮಾನರ ಬಿಪಿ ಮಾತ್ರೆ ಮೇಜಿನ ಮೇಲೇ ಇದೆ. ಆಂಟಿಯ ಮನೆಯಲ್ಲೇ ಸೂಟ್‌ಕೇಸ್ ತೆಗೆದು ಇಟ್ಟುಬರಬಹುದಿತ್ತು. ಆದರೆ ಅವರ ಮನೆಯವರೆಲ್ಲ ಹಾಲಿನಲ್ಲೇ ಇದ್ದರು, ಒಳಬಟ್ಟೆಯೆಲ್ಲ ಅವರ ಮುಂದೆ ತೆರೆಯಲು ನಾಚಿಕೆಯಾಯಿತು. ಎತ್ತಿಕೊಂಡು ಹೊರಟೆ.

"ಪ್ರಸ್ಥಾನ ಇಟ್ಟಿದ್ದು ವಾಪಸ್ ತಗೊಂಡು ಹೋಗ್ಬಾರ್ದು ಕಣಮ್ಮ," ಎಂದರು ಆಂಟಿ.

"ಐದೇ ನಿಮಿಷ ಆಂಟಿ. ಅತ್ತೆ ಮಲಗಿದಾರೆ, ಅವರಿಗೆ ಹೇಳ್ಬೇಡಿ."

ರೂಮಿನ ಬಾಗಿಲು ಹಾಕಿಕೊಂಡು ಮಂಚದ ಮೇಲಿಟ್ಟು ತೆಗೆದೆ. ನನ್ನ ಬಟ್ಟೆ ಇಟ್ಟ ಹಾಗೇ ಗರಿಗರಿಯಾಗಿತ್ತು. ಅವರ ಕಡೆಯದು ಪೂರ್ತಿ ಒದ್ದೆ. ತೇವ ಅಲ್ಲ, ಒದ್ದೆ. ಶರ್ಟು, ಪ್ಯಾಂಟು, ಬನಿಯನ್ನು, ಕರ್ಚೀಫಿನವರೆಗೂ ಹಿಂಡಿದರೆ ನೀರು ಸುರಿಯುವಷ್ಟು. ವಾಸನೆಯೂ ಒದ್ದೆ ಬಟ್ಟೆಯ ಮುಗ್ಗಲು ವಾಸನೆಯಾಗಿರಲಿಲ್ಲ, ಕಡಲ ತೀರದಲ್ಲಿ ನಿಂತಾಗ ಮೂಗಿಗೆ ಬಡಿಯುತ್ತದಲ್ಲ, ಅದು. ಬೆರಳು ನಾಲಿಗೆಗೆ ಇಟ್ಟುಕೊಂಡೆ. ಉಪ್ಪು.

 ಬುದ್ಧಿ ಹಳೆಯ ದಾರಿಯಲ್ಲೇ ಓಡಿತು. ಒಂದು ಶರ್ಟು ಹಿಂಡಿ, ಆ ನೀರನ್ನು ಸೌಟಿನಲ್ಲಿ ಹಿಡಿದು ಸ್ಟೌ ಮೇಲೆ ಕಾಯಿಸಿದೆ. ನೀರು ಇಂಗಿ ತಳದಲ್ಲಿ ಬೆಳ್ಳಗೆ ಉಳಿಯಿತು. ಬೋರ್‌ವೆಲ್ ನೀರು ಕಾಯಿಸಿದರೂ ಬಿಳಿ ಉಳಿಯುತ್ತದೆ, ಅದನ್ನು ಮಕ್ಕಳಿಗೆ ನಾನೇ ಹೇಳಿಕೊಟ್ಟಿದ್ದೇನೆ. ಆದರೆ ಆ ಬಿಳಿ ನಾಲಿಗೆಗೆ ಹೀಗೆ ಉಪ್ಪುಪ್ಪಾಗಿ ಹತ್ತುವುದಿಲ್ಲ. ಎದುರು ಮನೆಗೆ ಓಡಿದೆ. ಸೋಫಾ ಪಕ್ಕದ ನೆಲ ಒಣಗಿತ್ತು, ಗೋಡೆ ಒಣಗಿತ್ತು, ಮೇಲೆ ನೋಡಿದರೆ ಸೋರಿದ ಕಲೆಯೂ ಇಲ್ಲ.

"ಆಂಟಿ, ಉಪ್ಪಿನಕಾಯಿಗೆ ಅಂತ ಮಾವಿನಕಾಯಿ ಏನಾದ್ರೂ ಉಪ್ಪುನೀರಲ್ಲಿ ಹಾಕಿದ್ರಾ?"

"ಈ ವರ್ಷ ಹಾಕೇ ಇಲ್ಲ ಕಣಮ್ಮ. ಯಾಕೆ, ಮುಖ ಹೀಗಾಗಿದೆ?"

ಏನೂ ಇಲ್ಲವೆಂದು ಬಂದುಬಿಟ್ಟೆ. ಅವರ ಬಟ್ಟೆಗಳನ್ನೆಲ್ಲ ವಾಷಿಂಗ್ ಮಷೀನಿಗೆ ತುಂಬಿದೆ. ಆಮೇಲೆ ಎರಡು ಗಂಟೆ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಟೆರೇಸಿಗೆ ಹೋದೆ, ಇಳಿದೆ, ಅಡುಗೆಮನೆಗೆ ಹೋದೆ, ಹಾಲು ಉಕ್ಕಿಸಿದೆ. ನಾಳೆ ನಾಡಿದ್ದರ ಹೊತ್ತಿಗೆ ಅವರು ಹಡಗಿನ ಕಟಕಟೆ ಹಿಡಿದು ಬಗ್ಗಿ ಮೀನು ನೋಡುತ್ತಿರುತ್ತಾರೆ ಎನ್ನುವುದೊಂದೇ ಕಣ್ಣ ಮುಂದೆ ಬರುತ್ತಿತ್ತು. ಹುಚ್ಚಿ, ನೀನು ವಿಜ್ಞಾನದ ಟೀಚರ್ ಕಣೇ ಎಂದು ನನ್ನನ್ನು ನಾನೇ ಬೈದುಕೊಂಡೆ. ಬೈದುಕೊಂಡರೆ ಹೆದರಿಕೆ ಹೋಗುತ್ತದೆಯೇ?

ಆರೂವರೆಗೆ ಯಜಮಾನರು ಬಂದರು. ಮಾರ್ಕೆಟ್ಟಿನಿಂದ ಎರಡು ಅಗಲವಾದ ಟೋಪಿ ತಂದಿದ್ದರು. ಒಂದನ್ನು ತಾವು ಹಾಕಿಕೊಂಡು, ಇನ್ನೊಂದನ್ನು ನನ್ನ ತಲೆಗಿಟ್ಟು, ಕನ್ನಡಿ ಮುಂದೆ ನಿಲ್ಲಿಸಿ "ಹೆಂಗಿದೀವಿ ನೋಡೇ," ಎಂದು ನಕ್ಕರು.

"ರೀ, ನಾನು ಬರಲ್ಲ," ಎಂದೆ.

"ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ. ಬರಲ್ಲ ಅಷ್ಟೆ. ನೀವೂ ಹೋಗ್ಬೇಡಿ."

ತಮಾಷೆ ಎಂದುಕೊಂಡರು. ಆಮೇಲೆ ರೇಗಿದರು. ಕೊನೆಗೆ ಮಂಚದ ಮೇಲೆ ಕೂತು, ಟೋಪಿ ಕೂಡ ತೆಗೆಯದೆ, ಮೆಲ್ಲಗೆ ಕೇಳಿದರು, "ನಿಜ ಹೇಳು. ನಾನೊಬ್ನೇ ಜೊತೆಗಿದ್ರೆ ನಿಂಗೆ ಬೇಜಾರಾ?"

ಅಲ್ಲ ಎನ್ನಬೇಕಿತ್ತು. ಎಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ "ನಿನ್ನ ಬಾಯಲ್ಲಿ ಈ ಮಾತಾ!" ಎಂದು ನಗುತ್ತಾರೆ, ಕೈ ಹಿಡಿದು ಎಳೆದುಕೊಂಡು ಹೊರಡುತ್ತಾರೆ, ನಾನೂ ಹೊರಟುಬಿಡುತ್ತೇನೆ. ಅವರು ನನಗೆ ಗೊತ್ತಿಲ್ಲವೇ? ಬಾಯಿ ಬಿಗಿದುಕೊಂಡು ನಿಂತೆ. ಅವರು ಅದನ್ನೇ ಉತ್ತರ ಎಂದುಕೊಂಡರು.

ಆ ವಾರವೆಲ್ಲ ಪೇಪರಿನಲ್ಲಿ, ಫೋನಿನಲ್ಲಿ ಅಂಡಮಾನಿನ ಸುದ್ದಿ ಹುಡುಕಿದೆ. ಹೇಳಲು ನಾಚಿಕೆಯಾಗುತ್ತದೆ, ಏನಾದರೂ ಕೆಟ್ಟ ಸುದ್ದಿ ಸಿಗಲಿ ಎಂದೇ ಹುಡುಕಿದೆ. ಏನೂ ಸಿಗಲಿಲ್ಲ. ಹಡಗುಗಳು ಹೋದವು, ಬಂದವು. ಮುಂದೊಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ಅದೇ ಸೂಟ್‌ಕೇಸಿನ ಒಂದು ಪಾಲಿಗೆ ಹಳೆಯ ಬಟ್ಟೆ ತುಂಬಿ ಉಪ್ಪುನೀರು ಸುರಿದು, ಇನ್ನೊಂದು ಪಾಲಿಗೆ ಒಣಬಟ್ಟೆ ತುಂಬಿ ಮುಚ್ಚಿ ನಿಲ್ಲಿಸಿದೆ. ಅರ್ಧ ಗಂಟೆಯಲ್ಲಿ ಎರಡು ಕಡೆಯೂ ಒದ್ದೆ, ನೆಲದ ಮೇಲೂ ನೀರು. ಅವತ್ತು ನನ್ನ ಕಡೆಗೆ ಒಂದು ಹನಿಯೂ ಏಕೆ ದಾಟಲಿಲ್ಲ? ಗೊತ್ತಿಲ್ಲ.

ಅವರು ನನ್ನನ್ನು ಆಮೇಲೆ ಬಯ್ಯಲಿಲ್ಲ, ಚುಚ್ಚಲೂ ಇಲ್ಲ. ನಾನೂ ಕೊಟ್ಟ ಮಾತಿನಂತೆ ಮತ್ತೆ ಕೇಳಲಿಲ್ಲ. ಹೋದ ತಿಂಗಳು ಅವರ ಸ್ನೇಹಿತರೊಬ್ಬರು ಫೋನ್ ಮಾಡಿ, ಲಕ್ಷದ್ವೀಪಕ್ಕೆ ಹೊರಟಿದ್ದೇವೆ, ನೀವಿಬ್ಬರೂ ಬನ್ನಿ ಎಂದರಂತೆ. ನಾನು ಅಡುಗೆಮನೆಯಲ್ಲಿದ್ದೆ. "ಇಲ್ಲಪ್ಪ, ನಮ್ಮನೆಯವಳಿಗೆ ನನ್ನ ಜೊತೆ ಓಡಾಡೋದು ಇಷ್ಟ ಆಗಲ್ಲ," ಎಂದರು. ಕೋಪವಿರಲಿಲ್ಲ. ಕಾಫಿಗೆ ಸಕ್ಕರೆ ಬೇಡ ಎನ್ನುವ ಹಾಗೆ ಹೇಳಿದರು. ದೋಸೆ ಸೀದುಹೋಯಿತು, ನಾನು ನೋಡುತ್ತಾ ನಿಂತಿದ್ದೆ.

ಇದನ್ನು ಬರೆಯುತ್ತಿರುವಾಗ ಅವರು ಹೊರಗೆ ಹಾಲಿನಲ್ಲಿ ಪೇಪರ್ ಓದುತ್ತಿದ್ದಾರೆ, ಆಗಾಗ ಕೆಮ್ಮುವುದು ಕೇಳಿಸುತ್ತಿದೆ. ಅವತ್ತು ನಾನು ಈ ಮನುಷ್ಯನನ್ನು ಉಳಿಸಿಕೊಂಡೆನೋ, ಕಳೆದುಕೊಂಡೆನೋ, ನನಗೆ ಇವತ್ತಿಗೂ ಗೊತ್ತಿಲ್ಲ.